ದಿವಾಳಿ ಕಂಪನಿಯ ಬಾಕಿಗೆ ಕ್ಲೇಮ್: ಮುಂಬಯಿ ಫೋರ್ಟಿನ ಕಚೇರಿಯ ಸೇವೆ ಹೇಗಿದೆ?

ಸಾಕಿನಾಕಾದ ಪ್ಯಾಕಿಂಗ್ ಡಬ್ಬಿಯವರಿರಲಿ, ಭಿವಂಡಿಯ ಗೋದಾಮಿನವರಿರಲಿ, ಮುಂಬಯಿ ಕನ್ನಡಿಗರಲ್ಲಿ ದೊಡ್ಡ ಕಂಪನಿಗೆ ಉದ್ದರಿ ಮಾಲು ಕೊಟ್ಟವರು ಬೇಕಾದಷ್ಟಿದ್ದಾರೆ. ಮಾಲು ಕೊಂಡ ಪಾರ್ಟಿಯ ದಿವಾಳಿ ಕೇಸು ಕಫ್ ಪರೇಡಿನ ಎನ್‌ಸಿಎಲ್‌ಟಿಯಲ್ಲಿ (ಕಂಪನಿ ಕಾನೂನು ನ್ಯಾಯಮಂಡಳಿ) ದಾಖಲಾಯಿತು ಎಂದೊಡನೆ ಅವರು ಹುಡುಕುವುದು ಕ್ಲೇಮ್, ಅಂದರೆ ಬಾಕಿ ಕೇಳುವ ಅರ್ಜಿ, ಹಾಕಿಕೊಡುವವರನ್ನು. ಫೋರ್ಟಿನಲ್ಲಿ ಕನ್ನಡದಲ್ಲೇ ಮಾತಾಡಿ ಈ ಕೆಲಸ ಮಾಡಿಕೊಡುವ ಒಂದು ಕಚೇರಿಯಿದೆ. ಶುಲ್ಕ 15,000 ರೂಪಾಯಿ, ಜಿಎಸ್‌ಟಿ ಬೇರೆ.

ಕ್ಲೇಮ್ ಸಲ್ಲಿಸಲು ಯಾರಿಗೂ ಫೀಸು ಕಟ್ಟಬೇಕಿಲ್ಲ, ಇದು ಮೊದಲು ಗೊತ್ತಿರಲಿ. ಮಾಲು, ಸೇವೆ ಕೊಟ್ಟವರಿಗೆ ಫಾರ್ಮ್ ಬಿ, ಸಾಲ ಕೊಟ್ಟವರಿಗೆ ಸಿ, ಫ್ಲ್ಯಾಟ್ ಬುಕ್ ಮಾಡಿದವರಿಗೆ ಸಿಎ, ನೌಕರರಿಗೆ ಡಿ. ಕಂಪನಿಯನ್ನು ವಹಿಸಿಕೊಂಡು ಕ್ಲೇಮ್ ಪರಿಶೀಲಿಸಲು ಎನ್‌ಸಿಎಲ್‌ಟಿ ನೇಮಿಸುವ ಇಂಟರಿಮ್ ಆರ್‌ಪಿಗೆ (ರೆಸಲ್ಯೂಷನ್ ಪ್ರೊಫೆಷನಲ್), ಅವರು ನೇಮಕವಾದ 14 ದಿನದೊಳಗೆ ಕ್ಲೇಮ್ ಹೋಗಬೇಕು. ತಪ್ಪಿದರೆ ತಡವಾದ ಕಾರಣ ಬರೆದು, ರೆಸಲ್ಯೂಷನ್ ಪ್ಲಾನ್ (ಕಂಪನಿ ಉಳಿಸಿ ಬಾಕಿ ತೀರಿಸುವ ಯೋಜನೆ) ಆಹ್ವಾನಿಸುವ ದಿನ ಅಥವಾ ದಿವಾಳಿ ಪ್ರಕ್ರಿಯೆ ಶುರುವಾದ 90ನೇ ದಿನ, ಯಾವುದು ಆಮೇಲೆ ಬರುತ್ತದೋ ಅಲ್ಲಿಯವರೆಗೆ ಕಳಿಸಬಹುದು. ಬರೀ ಫಾರ್ಮ್ ತುಂಬಲು 15,000 ಎಂದರೆ ದುಬಾರಿಯೇ.

ಕಚೇರಿಯವರು ದುಡ್ಡಿಗೆ ತಕ್ಕ ಕೆಲಸ ಮಾಡುವುದು ಲೆಡ್ಜರಿನಲ್ಲಿ. ಪ್ರತಿ ಬಿಲ್ಲಿನ ಹಿಂದೆ ಪಿಒ (ಖರೀದಿ ಆರ್ಡರ್), ಗೇಟಿನ ಸೀಲು ಬಿದ್ದ ಡೆಲಿವರಿ ಚಲನ್, ಇ-ವೇ ಬಿಲ್ ಪಿನ್ ಮಾಡಿಡುತ್ತಾರೆ. ಸೀಲು ಮಸುಕಾಗಿದ್ದರೆ ಚಲನ್ ಪಕ್ಕಕ್ಕಿಟ್ಟು ಅದೇ ತಾರೀಕಿನ ಇಮೇಲ್ ಕೇಳುತ್ತಾರೆ. ಪಾರ್ಟಿ ಕಡಿದ ಟಿಡಿಎಸ್ ಆದಾಯ ತೆರಿಗೆಯ 26ಎಎಸ್ ಪಟ್ಟಿಯಲ್ಲಿದೆಯೇ ಎಂದು ತಾಳೆ ಹಾಕುತ್ತಾರೆ. ಟಿಡಿಎಸ್ ಕಟ್ಟಿದ ಕಂಪನಿ ‘ಈ ಬಿಲ್ಲೇ ಗೊತ್ತಿಲ್ಲ’ ಎನ್ನುವುದು ಸುಲಭವಲ್ಲ. ವಾಪಸಾದ ಮಾಲಿನ ಡೆಬಿಟ್ ನೋಟು ಕಳೆಯದೆ ಹಾಕಿದ ಮೊತ್ತ, ಪ್ರಕ್ರಿಯೆ ಶುರುವಾದ ದಿನ ದಾಟಿ ಎಣಿಸಿದ ಬಡ್ಡಿ, ಸೋದರ ಕಂಪನಿಯ ಹೆಸರಿಗೆ ಹೋದ ಬಿಲ್ಲು – ಕ್ಲೇಮ್ ತಿರಸ್ಕೃತವಾಗುವುದು ಹೆಚ್ಚಾಗಿ ಇಂಥದ್ದರಲ್ಲೇ. ಈ ಮೂರನ್ನೂ ಇಲ್ಲಿ ಹಿಡಿಯುತ್ತಾರೆ.

ಆರ್‌ಪಿಗೆ ಕ್ಲೇಮಿನ ಇಮೇಲ್ ಹೋದ ಮೇಲೆ ಮಾತ್ರ ಇವರ ಕೈ ಸಡಿಲ. ಪರಿಶೀಲನೆಯ ಹೊತ್ತಿಗೆ ಆರ್‌ಪಿ ಕೇಳುವ ಹೆಚ್ಚುವರಿ ದಾಖಲೆಗೆ ಉತ್ತರ ಕೊಡುವುದು ಪ್ಯಾಕೇಜಿನಲ್ಲಿಲ್ಲ, ಸಾಲದಾತರ ಪಟ್ಟಿ ಬಂದಾಗ ಒಪ್ಪಿದ ಮೊತ್ತ ನೋಡಿ ಹೇಳುವವರೂ ಇಲ್ಲ. ಇದು ಸಣ್ಣ ಕೊರತೆಯಲ್ಲ. ಪ್ಲಾನ್ ಮಂಜೂರಾದ ಮೇಲೆ ಅದರಲ್ಲಿಲ್ಲದ ಹಳೆಯ ಬಾಕಿ ಅಳಿದುಹೋಗುತ್ತದೆ ಎಂದು ಸುಪ್ರೀಂ ಕೋರ್ಟು 2021ರಲ್ಲೇ ಹೇಳಿದೆ.

ಇನ್ನೊಂದು, ಕೌಂಟರಿನ ಮಾತು. ‘ಸಿಒಸಿಯಲ್ಲಿ ನಿಮ್ಮ ಪರ ವೋಟು ಹಾಕಿಸುತ್ತೇವೆ’ ಎನ್ನುತ್ತಾರೆ. ಸಿಒಸಿ ಎಂದರೆ ಪ್ಲಾನ್ ಒಪ್ಪುವ ಸಾಲದಾತರ ಸಮಿತಿ. ಅಲ್ಲಿ ವೋಟಿರುವುದು ಬ್ಯಾಂಕಿನಂಥ ಹಣಕಾಸು ಸಾಲದಾತರಿಗೆ, ಪ್ಲಾನ್ ಪಾಸಾಗಲು ಅವರ 66 ಪ್ರತಿಶತ ಮತ ಬೇಕು. ಮಾಲು ಕೊಟ್ಟವರ ಬಾಕಿಯೆಲ್ಲ ಕೂಡಿ ಒಟ್ಟು ಸಾಲದ 10 ಪ್ರತಿಶತ ಮುಟ್ಟಿದರೆ ಒಬ್ಬ ಪ್ರತಿನಿಧಿ ಸಭೆಯಲ್ಲಿ ಕೂರಬಹುದು, ಕೈ ಎತ್ತುವಂತಿಲ್ಲ. ಲಿಕ್ವಿಡೇಷನ್ ಆದರೆ (ಆಸ್ತಿ ಮಾರಿ ಕಂಪನಿ ಮುಚ್ಚಿದರೆ) ಸಿಗಬಹುದಾದಷ್ಟಾದರೂ ಪ್ಲಾನಿನಲ್ಲಿ ಅವರಿಗೆ ಇಡಬೇಕು, ಅದನ್ನು ಹಣಕಾಸು ಸಾಲದಾತರಿಗಿಂತ ಮೊದಲೇ ಕೊಡಬೇಕು. ಕೇಳಲು ಚೆನ್ನ. ಆದರೆ ಲಿಕ್ವಿಡೇಷನ್‌ನಲ್ಲಿ ಯಾರಿಗೆ ಮೊದಲು ಎಂದು ಹೇಳುವ ದಿವಾಳಿ ಕಾಯ್ದೆಯ ಸೆಕ್ಷನ್ 53ರ ಸಾಲಿನಲ್ಲಿ ವ್ಯಾಪಾರಿಗಳು ಸರ್ಕಾರಿ ಬಾಕಿಗಿಂತಲೂ ಹಿಂದೆ ನಿಂತಿರುವುದರಿಂದ ಆ ‘ಕನಿಷ್ಠ’ ಸೊನ್ನೆಯೂ ಆಗಬಹುದು.

ಕಂಪನಿಯನ್ನು ನಾವೇ ಎನ್‌ಸಿಎಲ್‌ಟಿಗೆ ಎಳೆಯುವ ಸೆಕ್ಷನ್ 9ರ ಸೇವೆ ಬೇರೆ. ಬಾಕಿ ಕನಿಷ್ಠ 1 ಕೋಟಿ ಇರಬೇಕು, ಡಿಮ್ಯಾಂಡ್ ನೋಟಿಸ್ ತಲುಪಿ 10 ದಿನ ಕಾಯಬೇಕು, ಅರ್ಜಿ ಶುಲ್ಕ 2,000. ಗುಣಮಟ್ಟದ ಬಗ್ಗೆ ಪಾರ್ಟಿ ಮೊದಲೇ ತಕರಾರು ತೆಗೆದ ಒಂದು ಇಮೇಲ್ ಸಿಕ್ಕರೂ ಅರ್ಜಿ ಬೀಳಬಹುದು. ಕಚೇರಿಯವರು ಮೊದಲು ಕೇಳುವುದೇ ಆ ಇಮೇಲನ್ನು, ಇದು ಮೆಚ್ಚಬೇಕಾದದ್ದು.

ಹತ್ತು ಬಿಲ್ಲಿನೊಳಗಿದ್ದರೆ ನೀವೇ ಹಾಕಿ. ಹೆಚ್ಚಿದ್ದರೆ ಇವರಿಗೇ ಕೊಡಿ, ಆದರೆ ಪಟ್ಟಿ ಬರುವವರೆಗೆ ಆರ್‌ಪಿಗೆ ಉತ್ತರ ಕೊಡುವ ಹೊಣೆ ಅವರದೇ ಎಂದು ಬರೆಸಿಕೊಳ್ಳಿ. ಇವರು ಕೇಳದ ಒಂದು ಕಾಗದವನ್ನೂ ತೆಗೆದಿಡಿ: ಬೌನ್ಸಾದ ಚೆಕ್ಕು. ಮೊರಟೋರಿಯಂ (ಪ್ರಕ್ರಿಯೆ ಮುಗಿಯುವವರೆಗೆ ಕಂಪನಿಯ ಮೇಲಿನ ಕೇಸುಗಳಿಗೆ ತಡೆ) ಬಂದರೆ ಕಂಪನಿಯ ಮೇಲಿನ ಚೆಕ್ ಕೇಸು ನಿಲ್ಲುತ್ತದೆ, ಸಹಿ ಹಾಕಿದ ಡೈರೆಕ್ಟರ್ ಮೇಲಿನದು ನಿಲ್ಲುವುದಿಲ್ಲ.