ಕಾರವಾರದ ಕಂಪ್ಯೂಟರ್ ರಿಪೇರಿ ಅಂಗಡಿ: ಬ್ಯಾಟರಿಗೆ ಸೈ, ಸೆಟ್ಟಿಂಗ್‌ಗೆ ಅಷ್ಟಕ್ಕಷ್ಟೆ

ಕಂಪ್ಯೂಟರ್ ತಪ್ಪು ಸಮಯ ತೋರಿಸುತ್ತಿದೆ ಎಂದು ಕೊಟ್ಟರೆ, ಇವರ ಬ್ಯಾಟರಿ ಕೆಲಸ ಅಚ್ಚುಕಟ್ಟು. ಯಂತ್ರ ಆಫ್ ಇದ್ದಾಗಲೂ ಒಳಗಿನ ಗಡಿಯಾರ ನಡೆಸುವ ಸಿಆರ್2032 ಬಿಲ್ಲೆಯನ್ನು (ನಾಣ್ಯದಂಥ ಪುಟ್ಟ ಬ್ಯಾಟರಿ) ಮೀಟರಿನಲ್ಲಿ ಅಳೆದು, 3 ವೋಲ್ಟ್‌ನಿಂದ ಚೆನ್ನಾಗಿ ಕೆಳಗಿಳಿದಿದ್ದರೆ ಮಾತ್ರ ಹೊಸದು ಹಾಕುತ್ತಾರೆ. ಉಪ್ಪುಗಾಳಿಗೆ ಕಿಲುಬು ಹಿಡಿದ ಹೋಲ್ಡರನ್ನೂ ಉಜ್ಜಿ ಕೊಡುತ್ತಾರೆ. ಕಡಲೂರಿನಲ್ಲಿ ಇದು ಬೇಕೇ ಬೇಕು.

ವಿಂಡೋಸ್, ಲಿನಕ್ಸ್ ಎರಡೂ ಆಪರೇಟಿಂಗ್ ಸಿಸ್ಟಂ ಇರುವ ಯಂತ್ರ ಕೊಟ್ಟರೆ ಮಾತ್ರ ಎಡವುತ್ತಾರೆ. ಲಿನಕ್ಸ್ ಬಳಸಿ ವಿಂಡೋಸ್‌ಗೆ ಬಂದಾಗ ಸಮಯ ಕರಾರುವಾಕ್ಕಾಗಿ ಐದೂವರೆ ಗಂಟೆ ಹಿಂದಿದ್ದರೆ ಅದು ಬ್ಯಾಟರಿಯ ತಪ್ಪಲ್ಲ. ಬೋರ್ಡಿನ ಗಡಿಯಾರವನ್ನು ಲಿನಕ್ಸ್ ಯುಟಿಸಿ (ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಎಂದು ಓದುತ್ತದೆ, ವಿಂಡೋಸ್ ಸ್ಥಳೀಯ ಸಮಯ ಎಂದು. ಇವರು ಅದಕ್ಕೂ ಹೊಸ ಬಿಲ್ಲೆ ಹಾಕಿ ಬಿಲ್ಲು ಕೊಟ್ಟರು! ವಿಂಡೋಸ್ ಕೂಡ ಯುಟಿಸಿ ಎಂದೇ ಓದುವಂತೆ, ಅದರ ಒಳ ಸೆಟ್ಟಿಂಗ್‌ಗಳ ಪಟ್ಟಿಯಾದ ರಿಜಿಸ್ಟ್ರಿಯಲ್ಲಿ ‘ರಿಯಲ್‌ಟೈಮ್‌ಈಸ್‌ಯೂನಿವರ್ಸಲ್’ ಎಂಬುದನ್ನು 1 ಮಾಡಿದ್ದರೆ ಸಾಕಿತ್ತು.

ಕೈಯಲ್ಲೇ ಗಂಟೆ ತಿರುಗಿಸಿ ಕೊಟ್ಟರೆ ಒಪ್ಪಬೇಡಿ. ಟೈಮ್ ಝೋನ್ ತಪ್ಪಿದ್ದರೆ ಇಂಟರ್ನೆಟ್ ಸಿಕ್ಕ ಕೂಡಲೇ ಮತ್ತೆ ಹಳೇ ಪಾಡು.