ಟ್ರಸ್ಟ್ ಮನೆ ಕಟ್ಟಿಸುವಾಗ: ಲಂಡನ್ ದಾರಿಯೋ, ಇಂದೋರ್ ದಾರಿಯೋ?

ಬಡವರಿಗೆ ಸೂರು ಕಲ್ಪಿಸಲು ಹೊರಟ ಟ್ರಸ್ಟ್ ಮನೆಯನ್ನು ಪೂರ್ತಿ ಕಟ್ಟಿ ಬಾಡಿಗೆಗೆ ಕೊಡಬಹುದು. ಇಲ್ಲವೇ ಬುಡ ಹಾಕಿಕೊಟ್ಟು ಉಳಿದದ್ದನ್ನು ಮನೆಯವರಿಗೇ ಬಿಡಬಹುದು.

ಮೊದಲನೆಯದು ಲಂಡನ್ನಿನ ಪೀಬಾಡಿ ಟ್ರಸ್ಟಿನ ದಾರಿ. 1862ರಲ್ಲಿ ಹುಟ್ಟಿದ ಟ್ರಸ್ಟ್ 1864ರಲ್ಲಿ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ಮೊದಲ ವಸತಿ ಕಟ್ಟಡ ತೆರೆಯಿತು. ಕಟ್ಟಡ ಗಟ್ಟಿ, ನಿಯಮವೂ ಬಿಗಿ. ವಾರದ ಬಾಡಿಗೆ ತಪ್ಪುವಂತಿರಲಿಲ್ಲ. ನಿತ್ಯದ ಕೂಲಿಯೇ ಖಾತ್ರಿಯಿಲ್ಲದ ಕಡುಬಡವರು ಹೊರಗೇ ಉಳಿದರು.

ಇಂದೋರಿನ ‘ಅರಣ್ಯ’ ಎಂಬ ಬಡಾವಣೆಯದು ಬೇರೆಯೇ ಲೆಕ್ಕ. ವಾಸ್ತುಶಿಲ್ಪಿ ಬಾಲಕೃಷ್ಣ ದೋಷಿಯವರ ವಾಸ್ತುಶಿಲ್ಪ ಫೌಂಡೇಷನ್ ಅಲ್ಲಿ ಸುಮಾರು 6,500 ಸೈಟುಗಳ ನಕ್ಷೆ ಮಾಡಿತು. ಬಡವರ ಸೈಟಿಗೆ ತಳಪಾಯ, ನೀರು, ಒಳಚರಂಡಿ, ಶೌಚಾಲಯ ಮೊದಲೇ ಸಿದ್ಧ. ಹೇಗೆಲ್ಲ ಬೆಳೆಸಬಹುದೆಂದು ತೋರಿಸಲು 80 ಮಾದರಿ ಮನೆಗಳೂ ಎದ್ದವು. ಅವುಗಳ ಜಗಲಿ, ಬೀದಿಗೆ ಇಳಿಯುವ ಮೆಟ್ಟಿಲು ನೋಡಿ! ಮೆಟ್ಟಿಲು ಹೊರಗಿದ್ದರೆ ಮಗನ ಮದುವೆ ಹೊತ್ತಿಗೆ ಮೇಲೊಂದು ಕೋಣೆ ಎಬ್ಬಿಸಬಹುದು, ಬೇಕೆಂದಾಗ ಬಾಡಿಗೆಗೂ ಬಿಡಬಹುದು. 1995ರಲ್ಲಿ ಇದಕ್ಕೆ ವಾಸ್ತುಶಿಲ್ಪಕ್ಕೆ ಕೊಡುವ ಆಗಾ ಖಾನ್ ಪ್ರಶಸ್ತಿ ಬಂತು.

ದುಡಿಯುವ ಕೈಗಳಿರುವ ಸಂಸಾರಗಳಿಗಾದರೆ ಇಂದೋರ್ ದಾರಿಯನ್ನೇ ಹಿಡಿಯಿರಿ. ಒಂಟಿ ವೃದ್ಧರಿಗೆ ಮಾತ್ರ ಪೂರ್ತಿ ಕಟ್ಟಿದ ಮನೆಯೇ ಬೇಕು. ಅವರು ಇಟ್ಟಿಗೆ ಹೊತ್ತು ಗೋಡೆ ಏರಿಸಲಾರರು.