ಶ್ರೀನಿವಾಸಪುರದ ಕುಲುಮೆ ಚಾಕು ಮಾವಿನ ಕಸಿಗೆ ಎಷ್ಟು ತಕ್ಕದ್ದು?

ಮಾವಿನ ಕಸಿಗೆಂದು ಚಾಕು ಹುಡುಕುವವರಿಗೆ ಶ್ರೀನಿವಾಸಪುರ, ಚಿಂತಾಮಣಿ, ಮುಳಬಾಗಿಲು ಸುತ್ತಮುತ್ತ ಈಗ ಮೂರು ದಾರಿಗಳಿವೆ. ಬೀಜ-ಗೊಬ್ಬರದ ಅಂಗಡಿಯಲ್ಲಿ ಸಿಗುವ ಮಡಚುವ ಸ್ಟೇನ್‌ಲೆಸ್ ಚಾಕು ಒಂದು, ಆನ್‌ಲೈನಿನಲ್ಲಿ ತರಿಸಿಕೊಳ್ಳಬಹುದಾದ ವಿದೇಶಿ ಚಾಕು ಇನ್ನೊಂದು, ಕುಲುಮೆಗೆ ಹೋಗಿ ಅಳತೆ ಹೇಳಿ ಮಾಡಿಸಿಕೊಳ್ಳುವುದು ಮೂರನೆಯದು. ಶ್ರೀನಿವಾಸಪುರದ ಒಂದು ಕುಲುಮೆಯಲ್ಲಿ 350 ರೂಪಾಯಿಗೆ ಮಾಡಿಸಿದ ಚಾಕುವನ್ನು ಕಳೆದ ಮುಂಗಾರಿನ ಕಸಿ ಹಂಗಾಮಿನುದ್ದಕ್ಕೂ ಬಳಸಿದ ಮೇಲೆ ಈ ಅಭಿಪ್ರಾಯವನ್ನು ಬರೆಯುತ್ತಿದ್ದೇನೆ. ಉಕ್ಕು ಒಳ್ಳೆಯದು, ಹದ, ಅಂದರೆ ಕಾಯಿಸಿ ತಣಿಸಿ ಕೊಟ್ಟ ಗಡಸು, ಬಹಳ ಒಳ್ಳೆಯದು. ಆದರೆ ಕಸಿಗೆ ಬೇಕಾದ ಬಾಯಿಯನ್ನು, ಅಂದರೆ ಕೊಯ್ಯುವ ಹರಿತವಾದ ಅಂಚನ್ನು, ಕೊಂಡವರೇ ಮಾಡಿಕೊಳ್ಳಬೇಕು. ಅದಕ್ಕೆ ಸಿದ್ಧರಿರುವವರು ಕಣ್ಣು ಮುಚ್ಚಿ ಮಾಡಿಸಬಹುದು.

ಬಾಯಿಯ ವಿಚಾರಕ್ಕೆ ಇಷ್ಟು ಮಹತ್ವ ಕೊಡುವುದಕ್ಕೆ ಕಾರಣವಿದೆ. ನಮ್ಮ ಕಡೆಯ ನರ್ಸರಿಗಳಲ್ಲಿ ಹೆಚ್ಚಾಗಿ ನಡೆಯುವ ಮೃದುಕಾಂಡ ಕಸಿಯಲ್ಲಿ, ಪೆನ್ಸಿಲ್ ದಪ್ಪದ ಕಸಿ ಕಡ್ಡಿಯ ಬುಡವನ್ನು ಎರಡೂ ಕಡೆ ನಾಲ್ಕೈದು ಸೆಂಟಿಮೀಟರ್ ಉದ್ದಕ್ಕೆ ಓರೆಯಾಗಿ ಕೊಯ್ದು ಬೆಣೆಯ ಆಕಾರಕ್ಕೆ ತಂದು, ವಾಟೆ ಸಸಿಯ (ಮಾವಿನ ಓಟೆಯಿಂದ ಬೆಳೆಸಿದ ಸಸಿಯ) ತಲೆ ಕತ್ತರಿಸಿ ಮಾಡಿದ ಸೀಳಿನೊಳಗೆ ಇಳಿಸಿ, ಪಾಲಿಥೀನ್ ಪಟ್ಟಿಯಿಂದ ಬಿಗಿಯಾಗಿ ಸುತ್ತುತ್ತೇವೆ. ಕಡ್ಡಿ ಮತ್ತು ಸಸಿ ಒಂದಾಗುವುದು ತೊಗಟೆಗೂ ಮರಕ್ಕೂ ನಡುವೆ ಇರುವ, ಬರಿಗಣ್ಣಿಗೆ ಸರಿಯಾಗಿ ಕಾಣದಷ್ಟು ತೆಳುವಾದ ಕ್ಯಾಂಬಿಯಂ ಪದರದಲ್ಲಿ ಮಾತ್ರ. ಕೊಯ್ದ ಮುಖ ಸಮತಟ್ಟಾಗಿದ್ದರೆ ಎರಡರ ಪದರಗಳೂ ಉದ್ದಕ್ಕೂ ಒಂದಕ್ಕೊಂದು ಅಂಟಿ ಕೂರುತ್ತವೆ. ಮುಖ ಸ್ವಲ್ಪ ಉಬ್ಬಿದ್ದರೂ ಸೀಳಿನೊಳಗೆ ಗಾಳಿ ನಿಲ್ಲುತ್ತದೆ, ಕೊಯ್ದ ಜಾಗ ಒಣಗಿ ಕಪ್ಪಾಗುತ್ತದೆ, ಕಸಿ ಹಿಡಿಯುವುದಿಲ್ಲ. ಮೊಂಡು ಚಾಕು ಇನ್ನೂ ಕೆಟ್ಟದ್ದು. ಅದು ಕೊಯ್ಯುವುದರ ಬದಲು ಜಜ್ಜುತ್ತದೆ, ತೊಗಟೆಯನ್ನು ಮರದಿಂದ ಎಬ್ಬಿಸುತ್ತದೆ, ಬಲ ಹಾಕಿದಾಗ ಜಾರಿ ಬೆರಳಿಗೂ ಬರುತ್ತದೆ.

ಆದ್ದರಿಂದ ಚಾಕು ಆರಿಸುವಾಗ ಮೊದಲು ನೋಡಬೇಕಾದದ್ದು ಅಲಗಿನ ಇಳಿಜಾರು. ಅಡುಗೆಮನೆಯ ಚಾಕುವಿಗೆ ಎರಡೂ ಬದಿ ಇಳಿಜಾರಿರುತ್ತದೆ; ತರಕಾರಿಗೆ ಅದು ಸರಿ, ಕಸಿ ಕಡ್ಡಿಗೆ ಅಲ್ಲ, ಏಕೆಂದರೆ ಒಳಬದಿಯ ಇಳಿಜಾರು ಅಲಗನ್ನು ಮರದಿಂದ ಹೊರಕ್ಕೆ ತಳ್ಳುತ್ತಾ ಹೋಗಿ ಕೊಯ್ತವನ್ನು ಬಾಗಿಸುತ್ತದೆ. ಕಸಿಗೆ ಬೇಕಾದದ್ದು ಬಡಗಿಯ ಉಳಿಯಂತೆ ಒಂದು ಬದಿ ಪೂರ್ತಿ ಚಪ್ಪಟೆಯಾಗಿ, ಇನ್ನೊಂದು ಬದಿಗೆ ಮಾತ್ರ ಇಳಿಜಾರಿರುವ ಅಲಗು. ಚಪ್ಪಟೆ ಬದಿ ನಮಗೆ ಉಳಿಯಬೇಕಾದ ಮರಕ್ಕೆ ಒರಗಿ ಸಾಗಿದರೆ ಒಂದೇ ಎಳೆತಕ್ಕೆ ನೇರವಾದ ಮುಖ ಸಿಗುತ್ತದೆ. ಜರ್ಮನಿಯ ಟೀನಾ ಕಂಪನಿಯ ಹೆಸರಾಂತ ಕಸಿ ಚಾಕುಗಳು ಇದೇ ಬಗೆಯವು, ಅವುಗಳಲ್ಲಿ ಬಲಗೈಯವರಿಗೂ ಎಡಗೈಯವರಿಗೂ ಬೇರೆ ಬೇರೆ ಅಲಗುಗಳೇ ಇವೆ. ನಮ್ಮ ಕುಲುಮೆಯವರಿಗೆ ಇದನ್ನು ಬಾಯಲ್ಲಿ ವಿವರಿಸುವುದಕ್ಕಿಂತ ರಟ್ಟಿನಲ್ಲಿ ಕತ್ತರಿಸಿದ ಮಾದರಿಯನ್ನೂ ಒಂದು ಹಳೆಯ ಉಳಿಯನ್ನೂ ಮುಂದಿಟ್ಟರೆ ಕೆಲಸ ಸುಲಭ.

ಉಕ್ಕಿನ ಮಾತಿಗೆ ಬಂದರೆ, ನನ್ನ ಚಾಕು ಲಾರಿಯ ಪಟ್ಟಾ (ಸ್ಪ್ರಿಂಗ್ ಪಟ್ಟಿ) ತುಂಡಿನಿಂದ ಬಡಿದದ್ದು. ಶೇಕಡ 0.5ರಿಂದ 0.6ರಷ್ಟು ಇಂಗಾಲವಿರುವ ಆ ಉಕ್ಕನ್ನು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಗಟ್ಟಿಯಾಗುತ್ತದೆ, ಆದರೆ ಹಾಗೆಯೇ ಬಿಟ್ಟರೆ ಗಾಜಿನಂತೆ ಮುರಿಯುವ ಅಪಾಯವಿರುತ್ತದೆ. ಅದಕ್ಕಾಗಿ ಮತ್ತೆ ಹಗುರವಾಗಿ ಬಿಸಿ ಮಾಡಿ, ಉಜ್ಜಿದ ಮೈಮೇಲೆ ಒಣಹುಲ್ಲಿನ ಬಣ್ಣ ಮೂಡುವ ಹೊತ್ತಿಗೆ ನಿಲ್ಲಿಸುತ್ತಾರೆ. ಬಣ್ಣ ನೀಲಿಗೆ ತಿರುಗುವವರೆಗೆ ಬಿಟ್ಟರೆ ಇಷ್ಟು ತೆಳುವಾದ ಬಾಯಿಗೆ ಬೇಕಾದ ಗಡಸು ಉಳಿಯುವುದಿಲ್ಲ. ಈ ಹದವನ್ನು ಕಣ್ಣಳತೆಯಲ್ಲೇ ಹಿಡಿಯುವ ಕೈ ನಮ್ಮೂರುಗಳಲ್ಲಿ ಇನ್ನೂ ಇದೆ ಎಂಬುದು ನನಗೆ ನಿಜವಾಗಿ ಹೆಮ್ಮೆಯ ಸಂಗತಿ. ಪರೀಕ್ಷೆ ಸುಲಭ: ಹೊಸ ಅರವನ್ನು (ಉಕ್ಕು ಉಜ್ಜುವ ಫೈಲನ್ನು) ಬಾಯಿಯ ಹತ್ತಿರ ಎಳೆದರೆ ಅದು ಕಚ್ಚದೆ ಜಾರಬೇಕು. ನನ್ನ ಚಾಕುವಿನ ಮೇಲೆ ಜಾರಿತು. ಅಂಗಡಿಯ ಅಗ್ಗದ ಸ್ಟೇನ್‌ಲೆಸ್ ಚಾಕುವಿನ ಮೇಲೆ ಅದೇ ಅರ ಕಚ್ಚಿತು. ಅದು ತುಕ್ಕು ಹಿಡಿಯುವುದಿಲ್ಲ ಎಂಬುದು ನಿಜವಾದರೂ ಮಧ್ಯಾಹ್ನದೊಳಗೇ ಅದರ ಬಾಯಿ ಹೋಗುತ್ತಿತ್ತು.

ಕುಲುಮೆಯ ಚಾಕು ಕೈಗೆ ಬಂದಾಗ ಹೇಗಿತ್ತು ಎಂಬುದನ್ನೂ ಹೇಳಬೇಕು. ಚಪ್ಪಟೆಯಾಗಿರಬೇಕಾದ ಬದಿಯಲ್ಲಿ ಸುತ್ತಿಗೆಯ ಗುರುತುಗಳಿದ್ದವು, ನಡುವೆ ಸಣ್ಣ ತಗ್ಗಿತ್ತು, ಬೇವಿನ ಹಿಡಿಯ ಮೊಳೆ ಸಡಿಲವಿತ್ತು. ಕೇಳಿದಾಗ ಸಿಕ್ಕ ಉತ್ತರ, “ಹದ ನಂದು, ಬಾಯಿ ನೀವೇ ಮಾಡ್ಕೋಬೇಕು ಅಣ್ಣಾ.” 350 ರೂಪಾಯಿಗೆ ಅದು ನ್ಯಾಯವಾದ ಮಾತು ಎಂದೇ ನಾನು ಭಾವಿಸುತ್ತೇನೆ, ಆದರೆ ಹಿಡಿಯನ್ನಾದರೂ ಬಿಗಿಯಾಗಿ ಕೂರಿಸಿ ಕೊಡಬಹುದಿತ್ತು.

ಮಸೆಯುವ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿಯುವುದು ಚಪ್ಪಟೆ ಬದಿ. ದಪ್ಪ ಗಾಜಿನ ಮೇಲೆ 400ರ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳುಕಾಗದ; ಸಂಖ್ಯೆ ಹೆಚ್ಚಿದಷ್ಟೂ ನಯ) ಅಂಟಿಸಿ, ನೀರು ಚಿಮುಕಿಸಿ, ಅಲಗನ್ನು ಪೂರ್ತಿ ಮಲಗಿಸಿ ಬೆರಳುಗಳಿಂದ ಸಮನಾಗಿ ಒತ್ತಿ ಉಜ್ಜುತ್ತಾ ಹೋದರೆ, ಮೊದಲು ಅಂಚುಗಳು ಹೊಳೆಯತೊಡಗಿ ತಗ್ಗಿನ ಜಾಗ ಮಾತ್ರ ಮಂಕಾಗಿ ಉಳಿಯುತ್ತದೆ. ಬಾಯಿಯ ಪಕ್ಕದ ಒಂದು ಬೆರಳಗಲದಷ್ಟಾದರೂ ಒಂದೇ ಸಮನೆ ಹೊಳೆಯುವವರೆಗೆ ಬಿಡಬಾರದು. ಬಳಿಕ 800ರ ಪೇಪರು, ಆಮೇಲೆ ಕಲ್ಲು. ಇದು ಒಮ್ಮೆ ಮಾಡಿದರೆ ಮುಗಿಯುವ ಕೆಲಸ, ಮುಂದೆ ಆ ಬದಿಯನ್ನು ಓರೆಯಾಗಿ ಯಾವತ್ತೂ ಕಲ್ಲಿಗೆ ಹಿಡಿಯಬಾರದು.

ಇಳಿಜಾರಿನ ಬದಿಗೆ 20 ಡಿಗ್ರಿ ಕೋನ ಸಾಕು. ನನ್ನ ಅಲಗಿನ ಅಗಲ 18 ಮಿಲಿಮೀಟರ್. ಅದರ ಬೆನ್ನು ಕಲ್ಲಿನಿಂದ 6 ಮಿಲಿಮೀಟರ್ ಎದ್ದಿದ್ದರೆ ಆ ಕೋನ ಬರುತ್ತದೆ. ಕೈ ಕೋನ ತಪ್ಪುತ್ತಿದೆಯೇ ಎಂದು ತಿಳಿಯಲು ಇಳಿಜಾರಿಗೆ ಮಾರ್ಕರ್ ಪೆನ್ನಿನ ಮಸಿ ಬಳಿದು ಎರಡು ಸಲ ಎಳೆದು ನೋಡಬೇಕು. ಮಸಿ ಬಾಯಿಯಂಚಿನಲ್ಲಿ ಉಳಿದಿದ್ದರೆ ಬೆನ್ನನ್ನು ಸ್ವಲ್ಪ ಎತ್ತಬೇಕು, ಅಂಚಿನಲ್ಲಷ್ಟೇ ಅಳಿಸಿ ಮೇಲೆ ಉಳಿದಿದ್ದರೆ ತಗ್ಗಿಸಬೇಕು. ಹಾರ್ಡ್‌ವೇರ್ ಅಂಗಡಿಯ ಕರಿಯ ಕಾರ್ಬೊರಂಡಮ್ ಕಲ್ಲು ಕುಡುಗೋಲಿಗೆ ಸಾಕು, ಕಸಿ ಚಾಕುವಿಗೆ ಅದು ಒರಟು. 1000 ಮತ್ತು 6000 ಗ್ರಿಟ್‌ನ (ಕಲ್ಲಿನ ನಯದ ಅಳತೆ) ಎರಡು ಮುಖದ ನೀರುಕಲ್ಲೊಂದನ್ನು ಇಟ್ಟುಕೊಳ್ಳುವುದು ಒಳ್ಳೆಯದು. 1000ದ ಮುಖದಲ್ಲಿ ಬಾಯಿಯ ಉದ್ದಕ್ಕೂ, ಚಪ್ಪಟೆ ಬದಿಯ ಕಡೆಗೆ, ಕೂದಲಿಗಿಂತ ತೆಳುವಾದ ಉಕ್ಕಿನ ಎಳೆ ಮಡಚಿಕೊಂಡಿರುವುದು ಹೆಬ್ಬೆರಳಿಗೆ ತಗಲುವವರೆಗೆ ಮಸೆಯಬೇಕು. ಆ ಎಳೆ ಎದ್ದಿಲ್ಲವೆಂದರೆ ಬಾಯಿಯ ತುದಿಯವರೆಗೆ ಕಲ್ಲು ಮುಟ್ಟಿಲ್ಲವೆಂದೇ ಅರ್ಥ. ಎದ್ದ ಮೇಲೆ 6000ದ ಮುಖದಲ್ಲಿ ಇಳಿಜಾರನ್ನು ನಯ ಮಾಡಿ, ಚಪ್ಪಟೆ ಬದಿಯನ್ನು ಪೂರ್ತಿ ಮಲಗಿಸಿ ಹಗುರವಾಗಿ ಒಂದೆರಡು ಸಲ ಎಳೆದು, ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಒರಟು ಬದಿಯ ಮೇಲೆ ಬೆನ್ನು ಮುಂದಾಗಿ ಸವರಿದರೆ ಎಳೆ ಉದುರುತ್ತದೆ. ಪತ್ರಿಕೆಯ ಹಾಳೆಯನ್ನು ಗಾಳಿಯಲ್ಲಿ ಹಿಡಿದು ಕೊಯ್ದಾಗ ಎಲ್ಲಿಯೂ ತೊಡರದೆ ಸಾಗಿದರೆ ಚಾಕು ಸಿದ್ಧ. ಇದಕ್ಕೆಲ್ಲ ಬೇಸತ್ತು ಸಾಣೆ ಯಂತ್ರಕ್ಕೆ ಕೊಡುವವರಿದ್ದಾರೆ. ವೇಗವಾಗಿ ತಿರುಗುವ ಚಕ್ರದ ಬಿಸಿಗೆ ಬಾಯಿ ನೀಲಿಯಾದರೆ ಕುಲುಮೆಯಲ್ಲಿ ಕೊಟ್ಟ ಹದವೆಲ್ಲ ಅಲ್ಲಿಗೇ ಹೋಗುತ್ತದೆ.

ಹಂಗಾಮಿನಲ್ಲಿ ಈ ಚಾಕು ಬೇಡುವ ಆರೈಕೆ ಸ್ಟೇನ್‌ಲೆಸ್‌ಗಿಂತ ಹೆಚ್ಚು. ಮಾವಿನ ಸೊನೆ ತಗಲಿದ ಕೆಲವೇ ನಿಮಿಷಗಳಲ್ಲಿ ಅಲಗು ಕಪ್ಪಾಗುತ್ತದೆ. ಆ ಕಪ್ಪಿನಿಂದ ತೊಂದರೆಯಿಲ್ಲ, ಒರೆಸದೆ ಬಿಟ್ಟರೆ ಮಾತ್ರ ಬಾಯಿಯಲ್ಲಿ ತುಕ್ಕಿನ ಚುಕ್ಕೆಗಳು ಏಳುತ್ತವೆ. ಒಂದು ಮರದ ಕಡ್ಡಿಗಳಿಂದ ಇನ್ನೊಂದರದಕ್ಕೆ ಹೋಗುವಾಗ ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಒರೆಸಿದರೆ ಸೊನೆಯೂ ಹೋಗುತ್ತದೆ, ರೋಗ ಹರಡುವ ಭಯವೂ ಕಡಿಮೆ. ಬ್ಲೀಚಿಂಗ್ ದ್ರಾವಣ ಈ ಉಕ್ಕಿಗೆ ಸಲ್ಲದು. ಸಂಜೆ ಒಣಗಿಸಿ ಕೊಬ್ಬರಿ ಎಣ್ಣೆ ಸವರಿ ಇಡಬೇಕು.

ದಿನಕ್ಕೆ ನೂರಾರು ಕಸಿ ಕಟ್ಟುವ ನರ್ಸರಿಯವರಿಗೂ ತಮ್ಮ ತೋಟದ ತೋತಾಪುರಿಯ ಮೇಲೆ ಮಲ್ಲಿಕಾ, ಬಾದಾಮಿ ಕಟ್ಟಿಕೊಳ್ಳುವ ರೈತರಿಗೂ ಇದನ್ನು ಶಿಫಾರಸು ಮಾಡುತ್ತೇನೆ. ವರ್ಷಕ್ಕೆ ನಾಲ್ಕಾರು ಗಿಡ ಕಟ್ಟುವವರು ಅಂಗಡಿಯ ಚಾಕುವಿನಲ್ಲೇ ಸಾಗಿಸಬಹುದು. ಮಾಡಿಸುವವರು ಅಲಗಿನ ಬೆನ್ನು 2 ಮಿಲಿಮೀಟರಿಗಿಂತ ದಪ್ಪವಾಗದಂತೆ ಮೊದಲೇ ಹೇಳಬೇಕು, ಎಡಗೈಯವರು ಯಾವ ಬದಿ ಚಪ್ಪಟೆ ಇರಬೇಕೆಂದು ಮಾದರಿಯ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿ ಕೊಡಬೇಕು, ಮತ್ತು ಕಸಿಯ ಕೆಲಸ ಶುರುವಾಗುವುದಕ್ಕೆ ಮೊದಲೇ, ಬೇಸಿಗೆಯಲ್ಲಿ, ಕುಲುಮೆಗೆ ಹೋಗಬೇಕು. ಮಳೆ ಬಿದ್ದ ಮೇಲೆ ಅಲ್ಲಿ ನೇಗಿಲು-ಗುದ್ದಲಿಗಳದ್ದೇ ಸರದಿ.